ಬೀರುವಿನಲ್ಲಿದ್ದ ಸೂಕ್ಷ್ಮದರ್ಶಕ: ಒಂದು ದುರಸ್ತಿಯ ದಿನಚರಿ

ನಮ್ಮ ಪ್ರೌಢಶಾಲೆಯ ವಿಜ್ಞಾನ ಕೊಠಡಿಯ ಬೀರುವಿನಲ್ಲಿ, ಕೆಳಗಿನ ಅರೆಯ ಹಿಂದುಗಡೆ, ಮರದ ಪೆಟ್ಟಿಗೆಯೊಂದರೊಳಗೆ ಮಕ್ಕಳ ಉಪಯೋಗಕ್ಕೆಂದು ಕೊಂಡಿದ್ದ ಸಂಯುಕ್ತ ಸೂಕ್ಷ್ಮದರ್ಶಕವಿತ್ತು. ದಾಸ್ತಾನು ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಪ್ರತಿ ವರ್ಷ ‘ಇದೆ’ ಎಂದು ಬರೆದು ಸಹಿ ಮಾಡುತ್ತ ಬಂದಿದ್ದೆವು. ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಿದ ನೆನಪು ನನಗಿಲ್ಲ. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಬಂದಾಗ ನಾನು ಕಪ್ಪುಹಲಗೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೊಂದು ಸಣ್ಣ ವೃತ್ತ ಬರೆದು, ಹೊರಗಿನದು ಕೋಶಪೊರೆ, ಒಳಗಿನದು ಕೋಶಕೇಂದ್ರ, ನಡುವೆ ಇರುವುದು ಕೋಶದ್ರವ್ಯ ಎಂದು ಗುರುತು ಹಾಕಿ ಮುಗಿಸುತ್ತಿದ್ದೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ, “ಸರ್, ಇದನ್ನ ನೀವು ನೋಡಿದೀರಾ?” ಎಂದು ಕೇಳಿದಳು. ಕಾಲೇಜಿನಲ್ಲಿ ನೋಡಿದ್ದೇನೆ ಎಂದೆ. “ನಮಗೂ ತೋರಿಸ್ತೀರಾ?” ಎಂಬ ಅವಳ ಎರಡನೆಯ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯಲ್ಲಿತ್ತು. ಮಳೆಗಾಲ ಕಳೆದ ಮೇಲೆ ನಾಲ್ಕು ಶನಿವಾರಗಳ ಮಧ್ಯಾಹ್ನ ಕುಳಿತು ಅದನ್ನು ಸರಿಪಡಿಸಿದೆ. ಇದೇ ಕೆಲಸಕ್ಕೆ ಕೈಹಾಕುವ ಬೇರೆ ಶಿಕ್ಷಕರಿಗೆ ನೆರವಾಗಲೆಂದು, ಮಾಡಿದ್ದನ್ನೂ ತಪ್ಪಿದ್ದನ್ನೂ ಕೊನೆಗೆ ಕಣ್ಣಿಗೆ ಕಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಶನಿವಾರ: ಪೆಟ್ಟಿಗೆ ತೆರೆದದ್ದು

ಮಲೆನಾಡಿನಲ್ಲಿ ನಾಲ್ಕು ತಿಂಗಳು ಮುಚ್ಚಿಟ್ಟ ಯಾವ ಮರದ ಪೆಟ್ಟಿಗೆ ತೆರೆದರೂ ಬರುವ ಮುಗ್ಗಲು ವಾಸನೆಯೇ ಇದರಿಂದಲೂ ಬಂತು. ಒಳಗಿನ ಮರದ ಮೇಲೆ ಬೂದಿಹಸಿರು ಬಣ್ಣದ ಬೂಷ್ಟು ಹರಡಿತ್ತು. ಬಟ್ಟೆ ತೆಗೆದುಕೊಂಡು ಅದನ್ನು ಒರೆಸಲು ಹೋದವನು ಒಂದು ಕ್ಷಣ ತಡೆದೆ. ಪಾರದರ್ಶಕ ಅಂಟುಪಟ್ಟಿಯ ಒಂದು ತುಂಡನ್ನು ಬೂಷ್ಟಿನ ಮೇಲೆ ಮೆಲ್ಲಗೆ ಒತ್ತಿ ಎತ್ತಿ, ಒಂದು ಸ್ಲೈಡಿಗೆ ಅಂಟಿಸಿ, ಕಾಗದದ ಪೊಟ್ಟಣದಲ್ಲಿ ತೆಗೆದಿಟ್ಟೆ. ಉಪಕರಣವನ್ನು ಕೆಡಿಸಿದ್ದು ಒಂದು ಜೀವಿ, ಆ ಜೀವಿಯೂ ಕೋಶಗಳಿಂದಲೇ ಆದದ್ದು. ದುರಸ್ತಿ ಕೈಗೂಡಿದರೆ ಮೊದಲು ನೋಡಬೇಕಾದ ಮಾದರಿ ಅದೇ ಎಂದು ಆಗಲೇ ನಿಶ್ಚಯಿಸಿದೆ.

ಉಪಕರಣ ಸರಳವಾದದ್ದು. ಎರಕದ ಕಬ್ಬಿಣದ ಪಾದ, ಬಾಗಿದ ತೋಳು, ಹಿತ್ತಾಳೆಯ ನಳಿಗೆ, ನಳಿಗೆಯ ಕೆಳಗೆ ತಿರುಗುವ ತಲೆಯಲ್ಲಿ 10 ಪಟ್ಟು ಮತ್ತು 40 ಪಟ್ಟಿನ ಎರಡು ವಸ್ತುಮಸೂರಗಳು, ಮೇಲೆ 10 ಪಟ್ಟಿನ ಒಂದು ನೇತ್ರಮಸೂರ, ವೇದಿಕೆಯ ಅಡಿಯಲ್ಲಿ ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಕಂಡಿ, ಅದರ ಕೆಳಗೆ ಕನ್ನಡಿ. ನಳಿಗೆಯನ್ನು ಏರಿಳಿಸುವ ದೊಡ್ಡ ತಿರುಪು ಅಲುಗಾಡುತ್ತಿರಲಿಲ್ಲ. ಸಣ್ಣ ತಿರುಪು ತಿರುಗುತ್ತಿದ್ದರೂ ನಳಿಗೆ ಕದಲುತ್ತಿರಲಿಲ್ಲ. ಕನ್ನಡಿಯ ಹಿಂಬದಿಯ ಲೇಪ ಕಪ್ಪಾಗಿ ಕಿತ್ತುಬಂದಿತ್ತು. ಸ್ಲೈಡ್ ಹಿಡಿಯುವ ಎರಡು ಚಿಮುಟಗಳಲ್ಲಿ ಒಂದು ತುಕ್ಕಿಗೆ ಬಲಿಯಾಗಿತ್ತು.

ಕೊಳೆ ಯಾವ ಗಾಜಿನಲ್ಲಿದೆ ಎಂದು ತಿಳಿಯದೆ ಎಲ್ಲವನ್ನೂ ಬಿಚ್ಚುವುದು ತಪ್ಪು. ಅದನ್ನು ಕಂಡುಕೊಳ್ಳುವ ವಿಧಾನ ಸುಲಭ. ಬೆಳಕಿನತ್ತ ತಿರುಗಿಸಿ ಇಣುಕುತ್ತ ನೇತ್ರಮಸೂರವನ್ನು ಬೆರಳಿನಿಂದ ಸುತ್ತಿಸಿದಾಗ ಚುಕ್ಕೆಗಳೂ ಜೊತೆಯಲ್ಲಿ ಸುತ್ತಿದರೆ ಕೊಳೆ ಅದರಲ್ಲಿಯೇ ಇದೆ ಎಂದರ್ಥ. ಅವು ನಿಂತಲ್ಲಿಯೇ ನಿಂತರೆ ದೋಷ ಕೆಳಗಿದೆ. ನಮ್ಮದರಲ್ಲಿ ಎರಡೂ ಇದ್ದವು. ಬಳಿಕ ನೇತ್ರಮಸೂರವನ್ನು ತೆಗೆದು, ತಲೆಕೆಳಗಾಗಿ ಹಿಡಿದು, ಅದನ್ನೇ ಭೂತಗನ್ನಡಿಯಂತೆ ಬಳಸಿ ವಸ್ತುಮಸೂರಗಳ ತುದಿಯನ್ನು ಪರೀಕ್ಷಿಸಿದೆ. 10 ಪಟ್ಟಿನದರಲ್ಲಿ ಧೂಳು ಮಾತ್ರವಿತ್ತು. 40 ಪಟ್ಟಿನದರ ತುದಿಯ ಗಾಜು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಷ್ಟೇ. ಅದರ ಮೇಲೆ ಯಾವುದೋ ಕಾಲದ ಬಣ್ಣದ ದ್ರಾವಣ ಒಣಗಿ ಕಂದು ಕಲೆಯಾಗಿ ಕುಳಿತಿತ್ತು. ನೇತ್ರಮಸೂರದ ಒಳಗಾಜಿನ ಮೇಲೆ ಜೇಡನ ಬಲೆಯಂತೆ ಕವಲೊಡೆದ ಬಿಳಿಯ ಎಳೆಗಳಿದ್ದವು. ಬೂಷ್ಟು ಮರವನ್ನು ಬಿಟ್ಟು ಗಾಜಿಗೂ ಏರಿತ್ತು.

ಎರಡನೆಯ ಶನಿವಾರ: ತಿರುಪು ಮತ್ತು ಹಲ್ಲುಪಟ್ಟಿ

ದೊಡ್ಡ ತಿರುಪನ್ನು ಬಲವಂತವಾಗಿ ತಿರುಗಿಸುವ ಮನಸ್ಸಾದರೂ ಹಾಗೆ ಮಾಡಲಿಲ್ಲ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಬಳಿಗೆ ಉಪಕರಣವನ್ನು ಹೊತ್ತೊಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ತಿರುಪಿಗೆ ಕಚ್ಚಿಕೊಂಡು ನಳಿಗೆಯನ್ನು ಏರಿಳಿಸುವ ಹಲ್ಲುಪಟ್ಟಿಯನ್ನು ನೋಡಿ, “ಮೇಷ್ಟ್ರೇ, ಇದಕ್ಕೆ ಬಲ ಹಾಕ್ಬೇಡಿ. ಹಳೇ ಗ್ರೀಸು ಕಲ್ಲಾಗಿದೆ ಅಷ್ಟೇ. ಒಂದು ರಾತ್ರಿ ಎಣ್ಣೆ ಕುಡೀಲಿ ಬಿಡಿ” ಎಂದರು. ಹೊಲಿಗೆ ಯಂತ್ರಕ್ಕೆ ಬಿಡುವ ತೆಳುವಾದ ಎಣ್ಣೆಯನ್ನು ತಿರುಪಿನ ಎರಡೂ ಬದಿಯ ಸಂದಿಗೆ ಒಂದೊಂದು ಹನಿ ಬಿಟ್ಟರು. ಮಾರನೆಯ ದಿನ ತಿರುಪು ಕಾಲು ಸುತ್ತು ತಿರುಗಿತು, ಆಮೇಲೆ ಅರ್ಧ, ಆಮೇಲೆ ಪೂರ್ತಿ.

ನಳಿಗೆಯನ್ನು ಮೇಲಕ್ಕೆ ಪೂರ್ತಿಯಾಗಿ ಹೊರತೆಗೆದಾಗ ಹಿತ್ತಾಳೆಯ ಹಲ್ಲುಪಟ್ಟಿಯ ಮೇಲೆ ಹಸಿರು ಮೇಣದಂತಹ ಪದರ ಕಂಡಿತು. ಹಳೆಯ ಗ್ರೀಸಿನ ಕೊಬ್ಬು ಕಾಲಕ್ರಮದಲ್ಲಿ ಆಮ್ಲವಾಗಿ, ಹಿತ್ತಾಳೆಯ ತಾಮ್ರದೊಂದಿಗೆ ಸೇರಿ ಕಿಲುಬು ಕಟ್ಟುವುದರಿಂದ ಈ ಹಸಿರು ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪ್ರತಿ ಹಲ್ಲಿನ ಸಂದಿಯನ್ನೂ ಉಜ್ಜಿ, ಬಿದಿರಿನ ಕಡ್ಡಿಯಿಂದ ಉಳಿದದ್ದನ್ನು ಕೆರೆದು ತೆಗೆದೆ. ಲೋಹದ ಚೂಪು ತುದಿಯನ್ನು ಇದಕ್ಕೆ ಬಳಸಬಾರದು. ಹಿತ್ತಾಳೆ ಮೆದು, ಗೀರು ಬಿದ್ದರೆ ಚಲನೆ ತೊಡರುತ್ತದೆ. ಒಣಗಿದ ಮೇಲೆ ಬಿಳಿಯ ಲಿಥಿಯಂ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಸವರಿದೆ. ಹೆಚ್ಚು ಹಚ್ಚಿದರೆ ಅದು ಜಾರಿ ಮಸೂರದ ಮೇಲೆ ಇಳಿಯುವ ಅಪಾಯವಿದೆ.

ಜೋಡಿಸಿದ ಮೇಲೆ ಹೊಸ ತೊಂದರೆ ಎದುರಾಯಿತು. ಈಗ ನಳಿಗೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯತೊಡಗಿತು. ಗಡಿಯಾರದ ಹಿರಿಯರು ದೊಡ್ಡ ತಿರುಪಿನ ಎಡಗುಂಡಿಯನ್ನು ನನ್ನ ಕೈಯಲ್ಲಿ ಬಿಗಿಯಾಗಿ ಹಿಡಿಸಿ, ಬಲಗುಂಡಿಯನ್ನು ತಾವು ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿದರು. ಬಿಗಿ ಸರಿಹೋಯಿತು. ಈ ಮಾದರಿಯ ಅನೇಕ ಉಪಕರಣಗಳಲ್ಲಿ ಬಿಗಿತವನ್ನು ಹೊಂದಿಸುವುದು ಹೀಗೆಯೇ ಎಂಬುದು ನನಗೆ ಅಂದು ತಿಳಿದದ್ದು. ಸಣ್ಣ ತಿರುಪಿನೊಳಗಿನ ಸ್ಪ್ರಿಂಗ್ ತನ್ನ ಜಾಗದಿಂದ ಜಾರಿತ್ತು. ಅದನ್ನು ಅವರೇ ಕೂರಿಸಿದರು. ಹಣ ಕೊಡಲು ಹೋದರೆ, “ಮಕ್ಕಳಿಗೆ ತೋರ್ಸೋದಲ್ವಾ, ಬೇಡ ಬಿಡಿ” ಎಂದರು.

ಗಾಜುಗಳು

ಮಸೂರಕ್ಕೆ ಮೊದಲು ತಗಲಬೇಕಾದದ್ದು ಗಾಳಿ, ಆಮೇಲೆ ನೀರು, ಆಮೇಲೆ ದ್ರಾವಕ. ಬಟ್ಟೆ ಎಲ್ಲಕ್ಕಿಂತ ಕೊನೆ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಊದದೆ ಒರೆಸಿದರೆ ಆ ಕಣಗಳೇ ಗಾಜಿನ ಮೇಲೆ ಗೀರೆಳೆಯುತ್ತವೆ. ಬಾಯಿಂದ ಊದಿದರೆ ಉಗುಳಿನ ಹನಿ ಕೂರುವುದರಿಂದ ರಬ್ಬರಿನ ಗಾಳಿಬುರುಡೆಯನ್ನು ಬಳಸಿದೆ. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮಸೂರ ಒರೆಸುವ ತೆಳುಕಾಗದದ ತುದಿಗೆ ಮಾತ್ರ ತಾಗಿಸಿ, 40 ಪಟ್ಟಿನ ಮಸೂರದ ತುದಿಯನ್ನು ನಡುವಿನಿಂದ ಅಂಚಿನತ್ತ ಸುತ್ತುಸುತ್ತಾಗಿ ಒರೆಸಿದೆ. ಒಂದು ಕಾಗದವನ್ನು ಒಂದೇ ಸಲ ಬಳಸಬೇಕು. ಹದಿನಾಲ್ಕು ಕಾಗದ ಕಳೆದ ಮೇಲೆ ಕಂದು ಕಲೆ ಹೋಯಿತು. ವಸ್ತುಮಸೂರವನ್ನು ಬಿಚ್ಚಲು ಹೋಗಲಿಲ್ಲ, ಯಾರೂ ಹೋಗಬಾರದು. ಒಳಗಿನ ಗಾಜುಗಳನ್ನು ಅತ್ಯಂತ ನಿಖರವಾದ ಅಂತರದಲ್ಲಿ ಕೂರಿಸಿರುತ್ತಾರೆ. ಒಮ್ಮೆ ಕದಲಿದರೆ ಮನೆಯಲ್ಲಿ ಅದನ್ನು ಹೊಂದಿಸಲಾಗುವುದಿಲ್ಲ.

ನೇತ್ರಮಸೂರ ಮಾತ್ರ ಬಿಚ್ಚಬಹುದಾದದ್ದು. ಬೂಷ್ಟಿನ ಎಳೆಗಳಿಗೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಅಷ್ಟೇ ಶುದ್ಧ ನೀರು ಬೆರೆಸಿ ತೆಳುಮಾಡಿ, ಹತ್ತಿಯಲ್ಲಿ ಅದ್ದಿ, ಐದು ನಿಮಿಷ ಗಾಜಿನ ಮೇಲಿಟ್ಟು ಒರೆಸಿದೆ. ಎಳೆಗಳು ಹೋದವು, ಅವು ಹಾಸಿದ್ದ ಕಡೆ ಗಾಜಿನ ಮೇಲೆ ಮಸುಕಾದ ಕವಲು ಗುರುತು ಉಳಿಯಿತು. ಶಿಲೀಂಧ್ರ ಬೆಳೆಯುವಾಗ ಹೊರಬಿಡುವ ಆಮ್ಲಗಳು ಗಾಜಿನ ಮೈಯನ್ನು ಕೊರೆದು ಮಾಡಿದ ಗುರುತು ಅದು, ಒರೆಸಿದರೆ ಹೋಗುವಂಥದಲ್ಲ. ಅದೃಷ್ಟಕ್ಕೆ ಅದು ಅಂಚಿನಲ್ಲಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಈ ಬಗೆಯ ಸರಳ ನೇತ್ರಮಸೂರದಲ್ಲಿ ಎರಡು ಗಾಜುಗಳಿರುತ್ತವೆ. ಎರಡಕ್ಕೂ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಎರಡರ ಚಪ್ಪಟೆ ಮೈಯೂ ಕಣ್ಣಿನ ಕಡೆಗೇ ಇರಬೇಕು. ತೊಳೆದು ಜೋಡಿಸುವಾಗ ಕೆಳಗಿನ ಗಾಜನ್ನು ತಿರುಗಿಸಿ ಹಾಕಿಬಿಟ್ಟಿದ್ದೆ. ನೋಟದ ನಡುಭಾಗ ಸ್ಪಷ್ಟವಾಗಿದ್ದು ಅಂಚೆಲ್ಲ ಕಲಸಿದಂತೆ ಕಾಣುತ್ತಿದ್ದರೂ, ವಸ್ತುಮಸೂರವೇ ಕೆಟ್ಟಿದೆ ಎಂದು ಒಂದು ಇಡೀ ಸಂಜೆ ಚಿಂತಿಸಿದೆ. ಬಿಚ್ಚುವ ಮೊದಲೇ ಪ್ರತಿ ಗಾಜಿನ ಸ್ಥಾನವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಮೂರನೆಯ ಶನಿವಾರ: ಬೆಳಕು ಮತ್ತು ಅಳತೆ

ಕನ್ನಡಿಯ ಜಾಗಕ್ಕೆ ಗಾಜಿನ ಅಂಗಡಿಯಲ್ಲಿ ಅದೇ ಅಳತೆಯ ದುಂಡು ಕನ್ನಡಿ ಕತ್ತರಿಸಿ ಕೊಟ್ಟರು. ಆದರೆ ಮೋಡ ಕವಿದ ದಿನ 40 ಪಟ್ಟಿನ ಮಸೂರಕ್ಕೆ ಕಿಟಕಿಯ ಬೆಳಕು ಸಾಲುವುದಿಲ್ಲ, ಬಿಸಿಲಿದ್ದ ದಿನ ಮಕ್ಕಳು ಅರಿಯದೆ ಸೂರ್ಯನ ಕಡೆಗೇ ಕನ್ನಡಿ ತಿರುಗಿಸಿದರೆ ಕಣ್ಣಿಗೆ ಅಪಾಯ. ಹಾಗಾಗಿ ಕನ್ನಡಿಯನ್ನು ತೆಗೆದಿಟ್ಟು, ಒಂದು ವಾಟಿನ ಬಿಳಿ ಎಲ್‌ಇಡಿ ದೀಪವೊಂದನ್ನು 22 ಓಮ್‌ನ ಅರ್ಧ ವಾಟ್ ರೋಧಕದೊಂದಿಗೆ ಸರಣಿಯಲ್ಲಿ ಬೆಸೆದು, 5 ವೋಲ್ಟಿನ ಮೊಬೈಲ್ ಚಾರ್ಜರಿಗೆ ಜೋಡಿಸಿದೆ. ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 2 ವೋಲ್ಟ್ ರೋಧಕದಲ್ಲಿ ಇಳಿಯುತ್ತದೆ. ಹರಿಯುವ ವಿದ್ಯುತ್ 90 ಮಿಲಿ ಆಂಪಿಯರಿನ ಆಸುಪಾಸು. ದೀಪ ಬಿಸಿಯಾಗುವುದಿಲ್ಲ. ಔಷಧದ ಬಾಟಲಿಯ ಮುಚ್ಚಳದಲ್ಲಿ ಅದನ್ನು ಕೂರಿಸಿ, ಮೇಲೆ ಎರಡು ಪದರ ಬಟರ್ ಪೇಪರ್ ಅಂಟಿಸಿದ ಮೇಲೆ ನೋಟದ ಬಯಲು ಒಂದೇ ಸಮನೆ ಬೆಳಗಿತು.

ಅಳತೆಯಿಲ್ಲದೆ ಕೋಶ ನೋಡಿದರೆ ನೋಟ ಅರ್ಧವೇ ಆದಂತೆ. ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ವೇದಿಕೆಯ ಮೇಲಿಟ್ಟು 10 ಪಟ್ಟಿನ ಮಸೂರದಲ್ಲಿ ನೋಡಿದಾಗ ವೃತ್ತದ ಅಡ್ಡಗಲ 1.6 ಮಿಲಿಮೀಟರ್ ಎಂದು ಕಂಡಿತು. 40 ಪಟ್ಟಿನದಕ್ಕೆ ಅದರ ಕಾಲು ಭಾಗ, ಅಂದರೆ 0.4 ಮಿಲಿಮೀಟರ್, ಇನ್ನೊಂದು ರೀತಿಯಲ್ಲಿ ಹೇಳಿದರೆ 400 ಮೈಕ್ರೊಮೀಟರ್. ಈ ಎರಡು ಅಂಕಿಗಳನ್ನು ರಟ್ಟಿನ ಮೇಲೆ ಬರೆದು ಉಪಕರಣದ ತೋಳಿಗೆ ಕಟ್ಟಿದೆ. ಇನ್ನು ಮುಂದೆ ಯಾವ ಮಗುವೂ ಒಂದು ಕೋಶ ವೃತ್ತದ ಎಷ್ಟನೆಯ ಪಾಲು ಎಂದು ಲೆಕ್ಕ ಹಾಕಿ ಅದರ ಉದ್ದವನ್ನು ತಾನೇ ಹೇಳಬಹುದು.

40 ಪಟ್ಟಿನ ಮಸೂರದ ಮೈಮೇಲೆ 0.65 ಎಂದೂ, ಅದರ ಕೆಳಗೆ 160/0.17 ಎಂದೂ ಕೆತ್ತಿದ್ದಾರೆ. 160 ಎಂಬುದು ನಳಿಗೆಯ ಉದ್ದ, ಮಿಲಿಮೀಟರಿನಲ್ಲಿ. 0.17 ಎಂಬುದು ಮಾದರಿಯ ಮೇಲೆ ಮುಚ್ಚುವ ತೆಳುಗಾಜಿನ, ಅಂದರೆ ಕವರ್‌ಸ್ಲಿಪ್ಪಿನ ದಪ್ಪ, ಅದೂ ಮಿಲಿಮೀಟರಿನಲ್ಲಿ. ಕವರ್‌ಸ್ಲಿಪ್ ಇರುತ್ತದೆಂದು ಎಣಿಸಿಯೇ ಮಸೂರವನ್ನು ಅರೆದಿರುತ್ತಾರಾದ್ದರಿಂದ, ಅದನ್ನು ಬಿಟ್ಟು ನೋಡಿದರೂ, ಸ್ಲೈಡನ್ನು ಮಗುಚಿ ಇಟ್ಟರೂ ಚಿತ್ರ ಮಸುಕಾಗುತ್ತದೆ. 0.65 ಎಂಬುದು ಮಸೂರ ಎಷ್ಟು ಅಗಲವಾದ ಬೆಳಕಿನ ಶಂಕುವನ್ನು ಒಳಗೆ ತೆಗೆದುಕೊಳ್ಳಬಲ್ಲದು ಎಂಬುದರ ಅಳತೆ. ಜರ್ಮನಿಯ ಭೌತವಿಜ್ಞಾನಿ ಎರ್ನ್‌ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟಂತೆ, ಎಷ್ಟು ಸಣ್ಣ ಅಂತರವನ್ನು ಬಿಡಿಸಿ ನೋಡಬಹುದು ಎಂಬುದಕ್ಕೆ ಬೆಳಕಿನ ತರಂಗದೂರವೂ ಈ ಅಂಕಿಯೂ ಸೇರಿ ಗಡಿ ಹಾಕುತ್ತವೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ನಮ್ಮ ಮಸೂರದ ಗಡಿ ಸುಮಾರು ಅರ್ಧ ಮೈಕ್ರೊಮೀಟರ್. ಕೋಶದ ಯಾವ ಭಾಗ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದೆಲ್ಲ ಈ ಒಂದು ಅಂಕಿಯಿಂದ ನಿರ್ಧಾರವಾಗುತ್ತದೆ.

ಮೊದಲ ಮಾದರಿ

ಪೊಟ್ಟಣದಲ್ಲಿಟ್ಟಿದ್ದ ಬೂಷ್ಟಿನ ಅಂಟುಪಟ್ಟಿಯನ್ನು ಬಿಡಿಸಿ, ಮೆಥಿಲೀನ್ ಬ್ಲೂ ದ್ರಾವಣದ ಒಂದು ಹನಿಯ ಮೇಲೆ ಮತ್ತೆ ಅಂಟಿಸಿದೆ. ಈ ನೀಲಿ ಬಣ್ಣ ಅಲಂಕಾರಿಕ ಮೀನುಗಳ ಅಂಗಡಿಯಲ್ಲಿ, ಮೀನಿನ ರೋಗಕ್ಕೆ ಔಷಧವೆಂದು ಸಿಗುತ್ತದೆ. ಬೇಡವೆಂದ ಕಡೆ ಬೆಳೆದು ಇಷ್ಟೆಲ್ಲ ಹಾನಿ ಮಾಡಿದ ಆ ಜೀವಿ ನೀಲಿ ಬೆಳಕಿನಲ್ಲಿ ಅಷ್ಟು ಚೊಕ್ಕಟವಾಗಿ ಕಂಡೀತೆಂದು ನಾನು ಎಣಿಸಿರಲಿಲ್ಲ. ಗಾಜಿನ ಕೊಳವೆಯಂತಹ ಎಳೆಗಳು ಒಂದರ ಮೇಲೊಂದು ಹಾದುಹೋಗಿದ್ದವು. ಒಂದೊಂದರ ಅಗಲ ವೃತ್ತದ ನೂರನೆಯ ಪಾಲು, ಅಂದರೆ 4 ಮೈಕ್ರೊಮೀಟರ್. ಎರಡು ಬದಿಗೂ ಗೆರೆ ಎಳೆದಂತೆ ಕೋಶಭಿತ್ತಿ. ಬಿದಿರಿನ ಗಿಣ್ಣಿನಂತೆ ಅಲ್ಲಲ್ಲಿ ಅಡ್ಡಗೋಡೆ. ಸಸ್ಯಗಳ ಕೋಶಭಿತ್ತಿ ಮುಖ್ಯವಾಗಿ ಸೆಲ್ಯುಲೋಸಿನದಾದರೆ ಶಿಲೀಂಧ್ರಗಳ ಭಿತ್ತಿಯಲ್ಲಿ ಜೀರುಂಡೆಯ ಚಿಪ್ಪಿನಲ್ಲಿರುವ ಕೈಟಿನ್ನೇ ಇರುತ್ತದೆ. ಅಡ್ಡಗೋಡೆಗಳ ನಡುವೆ ಸೂಕ್ಷ್ಮವಾದ ರಂಧ್ರವಿದ್ದು ಅದರ ಮೂಲಕ ಕೋಶದ್ರವ್ಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಆ ರಂಧ್ರ ನಮ್ಮ ಮಸೂರಕ್ಕೆ ಕಾಣಲಿಲ್ಲ.

ನಾಲ್ಕನೆಯ ಶನಿವಾರ: ಮಕ್ಕಳ ಜೊತೆ

ಅಂದು ಹನ್ನೆರಡು ಮಕ್ಕಳು ಬಂದರು. ಈರುಳ್ಳಿಯಿಂದ ಆರಂಭಿಸಿದೆವು. ಒಳಪದರದ ಒಳಮೈಯಿಂದ ಚಿಮುಟದಲ್ಲಿ ಎಳೆದರೆ ಹೊಗೆಯಷ್ಟು ತೆಳುವಾದ ಸಿಪ್ಪೆ ಬರುತ್ತದೆ. ಅದನ್ನು ಮಡಿಕೆಯಾಗದಂತೆ ನೀರಿನ ಹನಿಯಲ್ಲಿ ಹಾಸಿ, ಕವರ್‌ಸ್ಲಿಪ್ಪನ್ನು ಒಂದು ಬದಿಯಿಂದ ಓರೆಯಾಗಿ ಇಳಿಸಬೇಕು. ನೇರವಾಗಿ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಮೊದಲ ಮೂರು ಮಕ್ಕಳು “ಕಂಡಿತು ಸರ್, ದುಂಡಗೆ, ಕಪ್ಪು ಅಂಚು ಇದೆ” ಎಂದು ಸಂತೋಷದಿಂದ ಹೇಳಿದ್ದು ಗಾಳಿಗುಳ್ಳೆಯನ್ನೇ.

ಬಣ್ಣ ಹಾಕದೆ ನೋಡಿದಾಗ ಬೆಳಕಿನ ಕಂಡಿ ಪೂರ್ತಿ ತೆರೆದಿತ್ತು, ಏನೂ ಕಾಣಲಿಲ್ಲ. ಕಂಡಿಯನ್ನು ನಿಧಾನವಾಗಿ ಕಿರಿದು ಮಾಡುತ್ತ ಬಂದಂತೆ, ಖಾಲಿ ಬಿಳಿಯ ಬಯಲಿನಲ್ಲಿ ಇಟ್ಟಿಗೆ ಗೋಡೆಯಂತೆ ಗೆರೆಗಳು ಮೂಡಿದವು. ಇದನ್ನು ಪ್ರತಿ ಮಗುವಿನ ಕೈಯಿಂದಲೂ ಮಾಡಿಸಿದೆ. ನನ್ನ ಅನುಭವದಲ್ಲಿ ಈ ಪಾಠದ ಅತ್ಯಂತ ಮುಖ್ಯವಾದ ಕೆಲಸ ಇದೇ. ಕೋಶದ ಬಹುಭಾಗ ನೀರು. ನೀರಿನೊಳಗಿನ ನೀರನ್ನು ಕಣ್ಣು ಬೇರೆ ಮಾಡಿ ಕಾಣುವುದಿಲ್ಲ. ಬೆಳಕಿನ ಶಂಕು ಕಿರಿದಾದಾಗ ಅಂಚುಗಳಲ್ಲಿ ಬಾಗುವ ಬೆಳಕು ನೆರಳಾಗಿ ತೋರುತ್ತದೆ. ಅದರ ಬದಲಿಗೆ ಒಂದಿಷ್ಟು ವಿವರ ಕೈಬಿಡುತ್ತದೆ. ಬಣ್ಣ ಹಾಕುವುದು ಇನ್ನೊಂದು ದಾರಿ. ಅಯೋಡಿನ್ ದ್ರಾವಣದ ಒಂದು ಹನಿಯನ್ನು ಕವರ್‌ಸ್ಲಿಪ್ಪಿನ ಅಂಚಿಗೆ ಬಿಟ್ಟು, ಎದುರು ಅಂಚಿನಿಂದ ಹೀರುಕಾಗದದಲ್ಲಿ ಎಳೆದೊಡನೆ, ಪ್ರತಿ ಇಟ್ಟಿಗೆಯಲ್ಲೂ ಒಂದು ಕಡೆ, ಹೆಚ್ಚಾಗಿ ಗೋಡೆಗೆ ಒತ್ತಿಕೊಂಡು, ಹಳದಿ ಮಿಶ್ರಿತ ಕಂದು ಬಣ್ಣದ ದುಂಡಗಿನ ಕೋಶಕೇಂದ್ರ ಕಾಣಿಸಿತು.

ಅದು ನಡುವೆ ಏಕಿಲ್ಲ ಎಂದು ಮಕ್ಕಳು ಕೇಳಿದರು. ಕಪ್ಪುಹಲಗೆಯ ಮೇಲೆ ನಾನು ಇಷ್ಟು ವರ್ಷ ನಡುವೆಯೇ ಬರೆಯುತ್ತಿದ್ದೆನಲ್ಲ. ಈರುಳ್ಳಿಯ ಕೋಶದ ನಡುವಿನ ಬಹುಪಾಲು ಜಾಗವನ್ನು ರಸದಾನಿ ಎಂಬ, ರಸ ತುಂಬಿದ ದೊಡ್ಡ ಚೀಲವೊಂದು ಆಕ್ರಮಿಸಿಕೊಂಡು, ಕೋಶದ್ರವ್ಯವನ್ನೂ ಕೋಶಕೇಂದ್ರವನ್ನೂ ಅಂಚಿಗೆ ಒತ್ತಿರುತ್ತದೆ. ಚಿತ್ರವನ್ನು ಅಂದೇ ತಿದ್ದಿದೆ. 10 ಪಟ್ಟಿನ ನೋಟದಲ್ಲಿ ಉದ್ದಕ್ಕೆ ಐದು ಕೋಶಗಳು ಹಿಡಿದವು, 1.6 ಮಿಲಿಮೀಟರನ್ನು ಐದರಿಂದ ಭಾಗಿಸಿದರೆ ಒಂದೊಂದು 320 ಮೈಕ್ರೊಮೀಟರ್. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲಿ ಬಿರಡೆಯ ಚೂರಿನಲ್ಲಿ ಕಂಡು ಕೋಣೆಗಳೆಂದು ಕರೆದದ್ದು ಇಂತಹ ಗೋಡೆಗಳನ್ನೇ, ಆದರೆ ಅವು ಸತ್ತ ಕೋಶಗಳ ಖಾಲಿ ಗೋಡೆಗಳು. ಒಳಗಿನ ದುಂಡು ಭಾಗವಾದ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟವರು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡಗಳನ್ನು ಪರೀಕ್ಷಿಸುವಾಗ. ನಡುವೆ 166 ವರ್ಷ ಕಳೆದಿವೆ ಎಂದಾಗ ಮಕ್ಕಳು ಮತ್ತೊಮ್ಮೆ ಮಸೂರಕ್ಕೆ ಕಣ್ಣಿಟ್ಟರು.

ಕೆನ್ನೆಯ ಕೋಶಗಳನ್ನು ನನ್ನ ಬಾಯಿಂದಲೇ ತೆಗೆದು ತೋರಿಸಿದೆ. ಬಾಯಿ ಮುಕ್ಕಳಿಸಿ, ಹತ್ತಿಕಡ್ಡಿಯಿಂದ ಕೆನ್ನೆಯ ಒಳಮೈಯನ್ನು ಸವರಿ, ಸ್ಲೈಡಿಗೆ ಒತ್ತಿ, ಮೆಥಿಲೀನ್ ಬ್ಲೂ ಹನಿಸಿದರೆ ಸಾಕು. ಬಳಸಿದ ಕಡ್ಡಿ ಮತ್ತು ಸ್ಲೈಡನ್ನು ಬ್ಲೀಚಿಂಗ್ ಪೌಡರಿನ ನೀರಿಗೆ ಹಾಕಬೇಕು. ಗೋಡೆಯಿಲ್ಲದ, ಮಡಚಿದ ಹಪ್ಪಳದಂತಹ ಅಂಕುಡೊಂಕಾದ ಹಾಳೆಗಳು, ನಡುವೆ ಕಡುನೀಲಿ ಚುಕ್ಕೆ. ಒಂದೊಂದರ ಅಗಲ 60 ಮೈಕ್ರೊಮೀಟರಿನ ಆಸುಪಾಸು. ಅವುಗಳ ಮೇಲೆ ಅಂಟಿಕೊಂಡಿದ್ದ ತೀರ ಸಣ್ಣ ನೀಲಿ ಚುಕ್ಕೆಗಳು ಬಾಯಿಯ ಬ್ಯಾಕ್ಟೀರಿಯಾಗಳು. ಮಜ್ಜಿಗೆಯ ಒಂದು ಹನಿಯಲ್ಲೂ ಇಂತಹವೇ ಸಣ್ಣ ಕಡ್ಡಿಗಳು ಕಂಡವು. ಅವುಗಳ ಅಗಲ ಒಂದು ಮೈಕ್ರೊಮೀಟರಿಗಿಂತ ಹೆಚ್ಚಿಲ್ಲ, ಮಸೂರದ ಗಡಿಯ ಸಮೀಪವೇ. ಅವುಗಳೊಳಗೆ ಪೊರೆ ಸುತ್ತಿದ ಕೋಶಕೇಂದ್ರವಿಲ್ಲ ಎಂಬುದನ್ನು ಈ ಉಪಕರಣದಿಂದ ಸಾಧಿಸಿ ತೋರಿಸಲಾಗದು. ಅದನ್ನು ಹಾಗೆಂದೇ ಮಕ್ಕಳಿಗೆ ಹೇಳಿದೆ.

ಕೋಶಪೊರೆಯ ವಿಷಯ ನನ್ನನ್ನು ಹೆಚ್ಚು ಕಾಡಿತ್ತು. ಅದರ ದಪ್ಪ 7ರಿಂದ 8 ನ್ಯಾನೊಮೀಟರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರೊಮೀಟರ್), ನಮ್ಮ ಮಸೂರದ ಗಡಿಯ ಸುಮಾರು 70ರಲ್ಲಿ ಒಂದು ಪಾಲು. ಎಷ್ಟು ಒರೆಸಿದರೂ, ಎಷ್ಟು ಬಣ್ಣ ಹಾಕಿದರೂ ಅದು ಗೆರೆಯಾಗಿ ಕಾಣದು. ಆದರೆ ಅದು ಇದೆ ಎಂದು ತೋರಿಸಬಹುದು. ಶಾಲೆಯ ಅಂಗಳದ ಕುಂಡದಲ್ಲಿ ರಿಯೋ ಗಿಡವಿದೆ. ಮೇಲ್ಮೈ ಹಸಿರು, ತಳಮೈ ನೇರಳೆ. ಎಲೆಯನ್ನು ಓರೆಯಾಗಿ ಹರಿದರೆ ತಳದ ನೇರಳೆ ಸಿಪ್ಪೆ ಸುಲಿದುಬರುತ್ತದೆ. ನೀರಿನಲ್ಲಿ ನೋಡಿದಾಗ ಕೋಶಗಳು ಆರು ಮೂಲೆಯ ನೇರಳೆ ಹರಳುಗಳಂತೆ ಗೋಡೆಯವರೆಗೂ ತುಂಬಿಕೊಂಡಿದ್ದವು. ಆ ಬಣ್ಣ ರಸದಾನಿಯ ರಸದ್ದು. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿದ ದ್ರಾವಣವನ್ನು ಅಂಚಿನಿಂದ ಎಳೆದೆವು. ಎರಡು ಮೂರು ನಿಮಿಷಗಳಲ್ಲಿ ನೇರಳೆ ಬಣ್ಣ ಮೊದಲು ಮೂಲೆಗಳಿಂದ ಹಿಂದೆ ಸರಿಯಿತು, ಆಮೇಲೆ ಗೋಡೆಗಳಿಂದ, ಕೊನೆಗೆ ಕೋಣೆಯ ನಡುವೆ ನುಣುಪಾದ ಅಂಚಿನ ಉಂಡೆಯಾಗಿ ಕುಗ್ಗಿ ನಿಂತಿತು. ಗೋಡೆ ಮಾತ್ರ ಇದ್ದಲ್ಲಿಯೇ ಇತ್ತು. ನೀರನ್ನು ಹೊರಬಿಟ್ಟು ಬಣ್ಣವನ್ನು ಹೊರಬಿಡದೆ ಹಿಡಿದಿಟ್ಟ ಆ ನುಣುಪಾದ ಅಂಚಿನಲ್ಲಿಯೇ ಪೊರೆ ಇದೆ. ಮತ್ತೆ ಸಿಹಿನೀರು ಬಿಟ್ಟಾಗ ಕೆಲವು ಕೋಶಗಳು ಮೆಲ್ಲನೆ ಹಿಗ್ಗಿ ಗೋಡೆಯನ್ನು ಮುಟ್ಟಿದವು, ಕೆಲವು ಮುಟ್ಟಲಿಲ್ಲ. ಮರಳಿ ಹಿಗ್ಗಿದವು ಇನ್ನೂ ಜೀವಂತವಾಗಿದ್ದಂಥವು.

ಕೋಶದೊಳಗಿನ ಸಣ್ಣ ಭಾಗಗಳಾದ ಮೈಟೊಕಾಂಡ್ರಿಯಾ, ಗಾಲ್ಗಿ ಸಂಕೀರ್ಣ, ರೈಬೋಸೋಮ್ ಎಲ್ಲಿ ಎಂದು ಪಠ್ಯದ ಚಿತ್ರ ಹಿಡಿದುಕೊಂಡು ಕೇಳಿದವರಿಗೆ ತೋಳಿಗೆ ಕಟ್ಟಿದ್ದ ರಟ್ಟನ್ನೇ ತೋರಿಸಿ, ಮಸೂರದ ಅರ್ಧ ಮೈಕ್ರೊಮೀಟರಿನ ಗಡಿಯನ್ನು ನೆನಪಿಸಿದೆ. ರೈಬೋಸೋಮಿನ ಅಗಲ ಸುಮಾರು 25 ನ್ಯಾನೊಮೀಟರ್. ಅದನ್ನು ಕಾಣಲು 1931ರಲ್ಲಿ ಮೊದಲು ರೂಪುಗೊಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಮೈಟೊಕಾಂಡ್ರಿಯಾ ಗಡಿಯಲ್ಲಿವೆಯಾದರೂ ಅವುಗಳಿಗೆಂದೇ ಇರುವ ಬಣ್ಣ ನಮ್ಮಲ್ಲಿಲ್ಲ.

ಕೊನೆಯ ಸ್ಲೈಡ್ ಊರ ಕೆರೆಯಿಂದ ಒಬ್ಬ ಹುಡುಗ ಬಾಟಲಿಯಲ್ಲಿ ತಂದಿದ್ದ ಹೈಡ್ರಿಲ್ಲಾ ಗಿಡದ್ದು. ಅದರ ಎಲೆ ಎರಡೇ ಕೋಶಗಳಷ್ಟು ದಪ್ಪವಿರುವುದರಿಂದ ಕತ್ತರಿಸುವ, ಸುಲಿಯುವ ಕೆಲಸವಿಲ್ಲ. ತುದಿಯ ಎಳೆಯ ಎಲೆಯೊಂದನ್ನು ಹಾಗೆಯೇ ನೀರಿನಲ್ಲಿ ಹಾಸಿದೆವು. ಮೊದಲಿಗೆ ಹಸಿರು ಗುಂಡುಗಳು ನಿಂತಲ್ಲಿಯೇ ಇದ್ದವು. ದೀಪದ ಬೆಳಕಿನಲ್ಲಿ ಹತ್ತು ನಿಮಿಷ ಬಿಟ್ಟು ನೋಡುತ್ತಿದ್ದ ಹುಡುಗಿ, ಹಿಂದಿನ ವರ್ಷ ಪ್ರಶ್ನೆ ಕೇಳಿದ್ದವಳೇ, “ಸರ್, ಓಡಾಡ್ತಿದಾವೆ!” ಎಂದು ಕೂಗಿದಳು. ಆ ಹಸಿರು ಗುಂಡುಗಳು, ಅಂದರೆ ಕ್ಲೋರೋಪ್ಲಾಸ್ಟುಗಳು, ಗೋಡೆಯ ಒಳಬದಿಗೆ ಸಾಲಾಗಿ, ರಥಬೀದಿಯ ಸುತ್ತ ಸಾಗುವ ಮೆರವಣಿಗೆಯಂತೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದವು. ಅವು ತಾವಾಗಿ ಓಡುತ್ತಿಲ್ಲ, ಅವುಗಳನ್ನು ಹೊತ್ತ ಕೋಶದ್ರವ್ಯವೇ ರಸದಾನಿಯ ಸುತ್ತ ಹರಿಯುತ್ತಿದೆ ಎಂದು ವಿವರಿಸಿದೆ. ಕೋಶದೊಳಗಿನ ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಹೆಜ್ಜೆಯಿಡುತ್ತ ಸಾಗುವುದರಿಂದ ಈ ಹರಿವು ಉಂಟಾಗುತ್ತದೆ. ನಮ್ಮ ಸ್ನಾಯುಗಳನ್ನು ಕುಗ್ಗಿಸುವುದೂ ಇದೇ ಎರಡು ಪ್ರೋಟೀನುಗಳ ಜೋಡಿ.

ಅವಳು ಗಡಿಯಾರ ಹಿಡಿದು ಒಂದು ಕ್ಲೋರೋಪ್ಲಾಸ್ಟನ್ನು ಆರಿಸಿಕೊಂಡಳು. ಅದು ವೃತ್ತದ ಕಾಲು ಭಾಗ, ಅಂದರೆ 100 ಮೈಕ್ರೊಮೀಟರ್ ದಾಟಲು 20 ಸೆಕೆಂಡು ತೆಗೆದುಕೊಂಡಿತು. ಸೆಕೆಂಡಿಗೆ 5 ಮೈಕ್ರೊಮೀಟರ್ ಎಂದು ಅವಳು ಲೆಕ್ಕ ಹಾಕಿ ಪ್ರಯೋಗ ಪುಸ್ತಕದಲ್ಲಿ ಬರೆದಳು. ಉಪಕರಣವನ್ನು ಆ ಸಂಜೆ ಮರದ ಪೆಟ್ಟಿಗೆಗೆ ಹಾಕಲಿಲ್ಲ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿದ್ದೇವೆ. ಹರಳುಗಳ ಬಣ್ಣ ಬದಲಾದಾಗ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುವ ಸರದಿಯನ್ನು ಮಕ್ಕಳೇ ಹಂಚಿಕೊಂಡಿದ್ದಾರೆ, ಮತ್ತು ದಾಸ್ತಾನು ಪುಸ್ತಕದಲ್ಲಿ ಈ ವರ್ಷ ಆ ಹೆಸರಿನ ಮುಂದೆ ‘ಬಳಕೆಯಲ್ಲಿದೆ’ ಎಂದು ಬರೆದಿದ್ದೇನೆ.